ಹುಟ್ಟುಗುಣವೋ, ಬೆಳೆದ ರೀತಿಯೋ? ಮನಸ್ಸು ಮತ್ತು ನಡವಳಿಕೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿನ ಹಟ, ಅಣ್ಣನ ಕೋಪ, ಗೆಳತಿಯ ಖಿನ್ನತೆ, ಪಕ್ಕದ ಮನೆಯ ಹುಡುಗಿಯ ಜಾಣತನ. ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ: ಇದು ರಕ್ತದಲ್ಲೇ ಬಂದದ್ದಾ, ಬೆಳೆದ ರೀತಿಯಿಂದ ಬಂದದ್ದಾ? ಈ ಪ್ರಶ್ನೆಯನ್ನು ಜನ ಕುತೂಹಲಕ್ಕಿಂತ ಜಾಸ್ತಿ ನೋವಿನಿಂದ ಕೇಳುವುದನ್ನು ನೋಡಿದ್ದೇನೆ. ಆದ್ದರಿಂದ ಉತ್ತರಗಳು ಕೆಲವು ಕಡೆ ಉದ್ದವಾಗಿವೆ.

ಒಂದೇ ಮಾತಿನಲ್ಲಿ ಹೇಳಿ: ಜೀನ್ (ತಂದೆತಾಯಿಯಿಂದ ಬರುವ ವಂಶವಾಹಿ) ದೊಡ್ಡದಾ, ಪರಿಸರ ದೊಡ್ಡದಾ?

ನಮ್ಮ ಗಾದೆಗಳೇ ಇದರಲ್ಲಿ ಒಪ್ಪುವುದಿಲ್ಲ. "ಹುಟ್ಟುಗುಣ ಸುಟ್ಟರೂ ಹೋಗದು" ಅನ್ನುತ್ತದೆ ಒಂದು. "ಸಹವಾಸದಿಂದ ಸನ್ಯಾಸಿ ಕೆಟ್ಟ" ಅನ್ನುತ್ತದೆ ಇನ್ನೊಂದು. ಎರಡನ್ನೂ ಒಟ್ಟಿಗೆ ಹಿಡಿದುಕೊಂಡರೆ ಮಾತ್ರ ವಿಷಯ ಅರ್ಥವಾಗುತ್ತದೆ.

ಒಂದು ಕಾಯಿಲೆಯ ಕಥೆ ಹೇಳುತ್ತೇನೆ. 1934ರಲ್ಲಿ ನಾರ್ವೆಯಲ್ಲಿ ಒಬ್ಬ ತಾಯಿ ತನ್ನ ಇಬ್ಬರು ಮಕ್ಕಳನ್ನು ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರ ಬಳಿ ಕರೆತಂದಳು. ಇಬ್ಬರಿಗೂ ಬುದ್ಧಿ ಬೆಳೆದಿರಲಿಲ್ಲ. ಮೂತ್ರದಲ್ಲಿ ವಿಚಿತ್ರ ವಾಸನೆ ಇತ್ತು. ಆ ವಾಸನೆಯ ಜಾಡು ಹಿಡಿದು ಫೋಲಿಂಗ್ ಒಂದು ಹೊಸ ಕಾಯಿಲೆಯನ್ನು ಕಂಡುಹಿಡಿದರು. ಇಂದು ಅದಕ್ಕೆ ಪಿಕೆಯು ಅಂತ ಹೆಸರು. ಈ ಮಕ್ಕಳಿಗೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಕೆಟ್ಟ ಜೀನ್‌ನ ಎರಡು ಪ್ರತಿ ಬಂದಿರುತ್ತದೆ. ಆಹಾರದ ಪ್ರೋಟೀನ್‌ನಲ್ಲಿರುವ ಫೀನೈಲ್ ಅಲನಿನ್ ಎಂಬ ಅಂಶವನ್ನು ಅವರ ದೇಹ ಒಡೆಯಲಾರದು. ಅದು ರಕ್ತದಲ್ಲಿ ತುಂಬಿಕೊಂಡು ಮಿದುಳನ್ನು ಹಾಳು ಮಾಡುತ್ತದೆ.

ಆದರೆ ಹುಟ್ಟಿದ ಮೊದಲ ವಾರಗಳಲ್ಲೇ ಆ ಅಂಶ ಕಡಿಮೆ ಇರುವ ಆಹಾರ ಶುರು ಮಾಡಿ, ಮುಂದುವರಿಸಿಕೊಂಡು ಹೋದರೆ ಆ ಮಗು ಉಳಿದ ಮಕ್ಕಳ ಹಾಗೆಯೇ ಓದಿ ಬೆಳೆಯುತ್ತದೆ. 1960ರ ದಶಕದ ಆರಂಭದಲ್ಲಿ ರಾಬರ್ಟ್ ಗಥ್ರಿ ಎಂಬ ವಿಜ್ಞಾನಿ, ಹಸುಗೂಸಿನ ಹಿಮ್ಮಡಿಯಿಂದ ತೆಗೆದ ಹನಿ ರಕ್ತದಲ್ಲೇ ಇದನ್ನು ಗುರುತಿಸುವ ಪರೀಕ್ಷೆ ತಂದರು. ಈಗ ನೀವೇ ಹೇಳಿ, ಇದು ಜೀನ್‌ನಿಂದ ಬಂದ ಕಾಯಿಲೆಯೋ, ಊಟದಿಂದ ಬಂದ ಕಾಯಿಲೆಯೋ? ಜೀನ್ ಸರಿ ಇದ್ದರೆ ಊಟ ತೊಂದರೆ ಕೊಡುವುದಿಲ್ಲ. ಊಟ ಬದಲಾದರೆ ಜೀನ್ ತೊಂದರೆ ಕೊಡುವುದಿಲ್ಲ. ಎರಡೂ ಸೇರಿದಾಗಲೇ ಮಿದುಳಿಗೆ ಪೆಟ್ಟು. ಮುಂದಿನ ಎಲ್ಲ ಉತ್ತರಗಳೂ ಒಂದಲ್ಲ ಒಂದು ರೀತಿಯಲ್ಲಿ ಇದೇ ಕಥೆ.

ಕೋಪಕ್ಕೆ ಒಂದು ಜೀನ್, ಜಾಣತನಕ್ಕೆ ಒಂದು ಜೀನ್ ಅಂತ ಇರುತ್ತದಾ?

ಇಲ್ಲ. ಜೀನ್‌ಗೆ ಕೋಪ ಅಂದರೆ ಏನು ಅಂತ ಗೊತ್ತಿಲ್ಲ. ಯಾವ ಪ್ರೋಟೀನ್ ತಯಾರಾಗಬೇಕು ಅನ್ನುವುದಷ್ಟೇ ಅದರಲ್ಲಿ ಬರೆದಿರುತ್ತದೆ. ಪ್ರೋಟೀನ್ ತಯಾರಿಸುವ ಜೀನ್‌ಗಳು ಮನುಷ್ಯನಲ್ಲಿ ಸುಮಾರು 20,000. ಮಿದುಳಿನ ನರಕೋಶಗಳು ಸುಮಾರು 8,600 ಕೋಟಿ. ಅವುಗಳ ನಡುವಿನ ಜೋಡಣೆಗಳು ಇನ್ನೂ ಎಷ್ಟೋ ಪಟ್ಟು ಹೆಚ್ಚು. ಯಾವ ನರಕೋಶ ಯಾವುದಕ್ಕೆ ಸೇರಬೇಕು ಅಂತ ಒಂದೊಂದಾಗಿ ಬರೆದಿಡಲು ಅಷ್ಟು ಜೀನ್‌ಗಳು ಸಾಲುವುದೇ ಇಲ್ಲ. ಜೀನ್‌ಗಳು ಒಂದು ಅಂದಾಜು ನಕ್ಷೆ ಕೊಡುತ್ತವೆ. ಅದರ ಮೇಲೆ ಅನುಭವ ಕೆಲಸ ಮಾಡುತ್ತದೆ. ಬಳಸಿದ ಜೋಡಣೆ ಗಟ್ಟಿಯಾಗುತ್ತದೆ, ಬಳಸದೆ ಬಿಟ್ಟದ್ದು ಕಳಚಿಕೊಳ್ಳುತ್ತದೆ.

ಒಂದೇ ಜೀನ್‌ನಿಂದ ಬರುವ ಕಾಯಿಲೆಗಳು ಇಲ್ಲವೆಂದಲ್ಲ. ಮಿದುಳನ್ನು ನಿಧಾನವಾಗಿ ಹಾಳು ಮಾಡುವ ಹಂಟಿಂಗ್ಟನ್ ಕಾಯಿಲೆಯ ಜೀನ್ 1993ರಲ್ಲಿ ಸಿಕ್ಕಿತು. ಅದು ತಂದೆ ಅಥವಾ ತಾಯಿಯಲ್ಲಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ಆದರೆ ನಮ್ಮ ಸ್ವಭಾವ, ಬುದ್ಧಿ, ಖಿನ್ನತೆ ಇವುಗಳ ವಿಷಯ ಹಾಗಲ್ಲ. ಸಾವಿರಾರು ಜೀನ್‌ಗಳು ಒಂದೊಂದೂ ಕೂದಲೆಳೆಯಷ್ಟು ಪ್ರಭಾವ ಬೀರುತ್ತವೆ. 2003ರಲ್ಲಿ ಬಂದ ಒಂದು ಅಧ್ಯಯನ, ಸೆರೋಟೋನಿನ್ ಎಂಬ ಮಿದುಳಿನ ರಾಸಾಯನಿಕಕ್ಕೆ ಸಂಬಂಧಿಸಿದ ಜೀನ್‌ನ ಒಂದು ಬಗೆ ಇದ್ದವರಿಗೆ ಕಷ್ಟ ಬಂದಾಗ ಖಿನ್ನತೆ ಬೇಗ ಬರುತ್ತದೆ ಅಂದಿತ್ತು. ತುಂಬಾ ಹೆಸರಾಯಿತು. 2019ರಲ್ಲಿ ಲಕ್ಷಗಟ್ಟಲೆ ಜನರ ಮಾಹಿತಿ ಇಟ್ಟುಕೊಂಡು ನೋಡಿದಾಗ ಅಂಥ ಸಂಬಂಧ ಕಾಣಲಿಲ್ಲ. ಆದ್ದರಿಂದ "ಇಂಥ ಗುಣದ ಜೀನ್ ಸಿಕ್ಕಿತು" ಅನ್ನುವ ಸುದ್ದಿ ಕಂಡರೆ ಸ್ವಲ್ಪ ತಾಳ್ಮೆಯಿಂದ ಕಾಯಿರಿ.

ಪರಿಸರ ಅಂದರೆ ಮನೆ, ಶಾಲೆ ಅಷ್ಟೇನಾ?

ಅಲ್ಲ, ಅದು ಗರ್ಭದಲ್ಲೇ ಶುರುವಾಗುತ್ತದೆ. 1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆ ನೆದರ್ಲೆಂಡ್ಸ್‌ನ ಪಶ್ಚಿಮ ಭಾಗಕ್ಕೆ ಆಹಾರ ಹೋಗದಂತೆ ತಡೆಯಿತು. 20,000ಕ್ಕೂ ಹೆಚ್ಚು ಜನ ಹಸಿವಿನಿಂದ ಸತ್ತರು. ಆ ಬರಗಾಲ ಜೋರಾಗಿದ್ದಾಗ ಗರ್ಭದಲ್ಲಿ ರೂಪುಗೊಂಡ ಮಕ್ಕಳು ದೊಡ್ಡವರಾದ ಮೇಲೆ ಅವರಲ್ಲಿ ಸ್ಕಿಜೋಫ್ರೇನಿಯಾ ಎಂಬ ಗಂಭೀರ ಮನೋರೋಗ ಸುಮಾರು ಎರಡು ಪಟ್ಟು ಕಂಡುಬಂತು. ಆ ಮಕ್ಕಳು ಹಸಿವನ್ನು ತಾವಾಗಿ ಕಂಡಿರಲೇ ಇಲ್ಲ. ತಾಯಿಯ ಹಸಿವು ಅವರ ಮಿದುಳನ್ನು ಮುಟ್ಟಿತ್ತು.

ಅಯೋಡಿನ್ ಇನ್ನೊಂದು. ಗರ್ಭಿಣಿಗೆ ಅದು ತೀರಾ ಕಡಿಮೆಯಾದರೆ ಥೈರಾಯ್ಡ್ ಹಾರ್ಮೋನ್ ಸಾಲದೆ ಮಗುವಿನ ಮಿದುಳು ಸರಿಯಾಗಿ ಬೆಳೆಯುವುದಿಲ್ಲ. ಉಪ್ಪಿಗೆ ಚಿಟಿಕೆ ಅಯೋಡಿನ್ ಸೇರಿಸಿದ್ದರಿಂದ ಜಗತ್ತಿನಲ್ಲಿ ಎಷ್ಟು ಮಕ್ಕಳ ಬುದ್ಧಿ ಉಳಿದಿದೆಯೋ! ಸೀಸದ್ದೂ ಹೀಗೆಯೇ. ಪೆಟ್ರೋಲ್‌ನಲ್ಲಿ, ಬಣ್ಣದಲ್ಲಿ ಇದ್ದ ಸೀಸ ಮಕ್ಕಳ ಗಮನಶಕ್ತಿಯನ್ನೂ ಬುದ್ಧಿಯನ್ನೂ ಕುಗ್ಗಿಸುತ್ತದೆ. ವಾಹನಗಳ ಪೆಟ್ರೋಲ್‌ಗೆ ಸೀಸ ಬೆರೆಸುವುದು ಜಗತ್ತಿನಾದ್ಯಂತ ನಿಂತದ್ದು 2021ರಲ್ಲಿ. ನಿದ್ದೆ, ಸೋಂಕು, ಗೆಳೆಯರು, ಭಯ, ಬಡತನ, ಕೇಳುವ ಭಾಷೆ ಎಲ್ಲವೂ ಪರಿಸರವೇ.

ಅವಳಿಗಳ ಅಧ್ಯಯನದಿಂದ ಏನು ಗೊತ್ತಾಗಿದೆ?

ಒಂದೇ ಮೊಟ್ಟೆಯಿಂದ ಹುಟ್ಟಿದ ಅವಳಿಗಳಲ್ಲಿ ಜೀನ್‌ಗಳು ಹೆಚ್ಚುಕಡಿಮೆ ಪೂರ್ತಿ ಒಂದೇ. ಬೇರೆ ಬೇರೆ ಮೊಟ್ಟೆಯಿಂದ ಹುಟ್ಟಿದವರಿಗೆ ಸರಾಸರಿ ಅರ್ಧ ಹೋಲಿಕೆ. ಇವರನ್ನು ಹೋಲಿಸಿ ನೋಡಿದರೆ ಒಂದು ಅಂದಾಜು ಸಿಗುತ್ತದೆ. 1979ರಲ್ಲಿ ಥಾಮಸ್ ಬುಶಾರ್ಡ್ ಅಮೆರಿಕದ ಮಿನೆಸೋಟಾದಲ್ಲಿ, ಚಿಕ್ಕಂದಿನಲ್ಲೇ ಬೇರೆಯಾಗಿ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳ ಅಧ್ಯಯನ ಶುರು ಮಾಡಿದರು. ಬುದ್ಧಿಯಲ್ಲಿ, ಸ್ವಭಾವದಲ್ಲಿ ಅವರ ಹೋಲಿಕೆ ಕಂಡು ಎಲ್ಲರೂ ಬೆರಗಾದರು. 2015ರಲ್ಲಿ 50 ವರ್ಷಗಳ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದರು. 1.4 ಕೋಟಿಗೂ ಹೆಚ್ಚು ಅವಳಿ ಜೋಡಿಗಳು, 17,804 ಲಕ್ಷಣಗಳು. ಸರಾಸರಿ ಅನುವಂಶೀಯತೆ ಶೇ. 49.

ಹಾಗಾದರೆ ನನ್ನ ಬುದ್ಧಿಯಲ್ಲಿ ಅರ್ಧ ಜೀನ್‌ನಿಂದ, ಅರ್ಧ ಪರಿಸರದಿಂದ ಬಂದದ್ದು, ಅಲ್ವಾ?

ಅಲ್ಲ! ಇದು ಎಲ್ಲರೂ ಎಡವುವ ಜಾಗ, ಸ್ವಲ್ಪ ನಿಧಾನವಾಗಿ ಓದಿ.

ಎರಡು ಕೈ ಸೇರಿದರೆ ಚಪ್ಪಾಳೆ. ಆ ಸದ್ದಿನಲ್ಲಿ ಎಡಗೈಯದು ಎಷ್ಟು, ಬಲಗೈಯದು ಎಷ್ಟು ಅಂತ ಕೇಳಿದರೆ ಉತ್ತರವೇ ಇಲ್ಲ. ಒಬ್ಬ ವ್ಯಕ್ತಿಯ ಬುದ್ಧಿಯನ್ನೂ ಹಾಗೆ ಪಾಲು ಮಾಡಲು ಬರುವುದಿಲ್ಲ. ಶೇ. 49 ಎಂಬ ಅಂಕಿ ಒಬ್ಬರ ಬಗ್ಗೆ ಅಲ್ಲ, ಒಂದು ಗುಂಪಿನ ಬಗ್ಗೆ. ಆ ಗುಂಪಿನ ಜನರಲ್ಲಿ ಇರುವ ವ್ಯತ್ಯಾಸಗಳಲ್ಲಿ ಎಷ್ಟು ಪಾಲು ಜೀನ್‌ಗಳ ವ್ಯತ್ಯಾಸದಿಂದ ಬಂದಿದೆ ಅನ್ನುವುದನ್ನಷ್ಟೇ ಅದು ಹೇಳುತ್ತದೆ.

ಕೈಗೆ ಐದು ಬೆರಳು ಬರುವುದು ಜೀನ್‌ಗಳಿಂದಲೇ. ಆದರೆ ಯಾರಿಗಾದರೂ ಬೆರಳು ಕಡಿಮೆ ಇದ್ದರೆ ಕಾರಣ ಬಹುಪಾಲು ಅಪಘಾತ. ಹಾಗಾಗಿ ಬೆರಳಿನ ಸಂಖ್ಯೆಯ "ಅನುವಂಶೀಯತೆ" ಲೆಕ್ಕದಲ್ಲಿ ತೀರಾ ಕಡಿಮೆ ಬರುತ್ತದೆ. ಇದು ಅರ್ಥವಾದರೆ ಆ ಅಂಕಿಯ ಮಿತಿಯೂ ಅರ್ಥವಾಗುತ್ತದೆ.

ಗುಂಪು ಬದಲಾದರೆ ಅಂಕಿಯೂ ಬದಲಾಗಬಹುದು. ಎರಿಕ್ ಟರ್ಕ್‌ಹೈಮರ್ 2003ರಲ್ಲಿ ಅಮೆರಿಕದ ಏಳು ವರ್ಷದ ಅವಳಿಗಳ ಬುದ್ಧಿಮಟ್ಟ ನೋಡಿದರು. ಅನುಕೂಲಸ್ಥ ಮನೆಗಳಲ್ಲಿ ವ್ಯತ್ಯಾಸಕ್ಕೆ ಜೀನ್‌ಗಳ ಪಾಲು ದೊಡ್ಡದಿತ್ತು. ಕಡು ಬಡತನದ ಮನೆಗಳಲ್ಲಿ ಅದು ಸೊನ್ನೆಗೆ ಹತ್ತಿರ ಇತ್ತು. ನೀರಿಲ್ಲದ ಹೊಲದಲ್ಲಿ ಒಳ್ಳೆಯ ಬೀಜವೂ ಕುಂಠಿತ, ಸಾಧಾರಣ ಬೀಜವೂ ಕುಂಠಿತ. ಬೀಜದ ವ್ಯತ್ಯಾಸ ಕಾಣಲು ಮೊದಲು ನೀರು ಬೇಕು. (ಯುರೋಪಿನ ಅಧ್ಯಯನಗಳಲ್ಲಿ ಈ ವ್ಯತ್ಯಾಸ ಹೀಗೆ ಕಾಣಲಿಲ್ಲ ಅನ್ನುವುದನ್ನೂ ಹೇಳಬೇಕು. ಅಲ್ಲಿ ಬಡ ಮಕ್ಕಳಿಗೂ ಸಿಗುವ ಸೌಲಭ್ಯ ಇದಕ್ಕೆ ಕಾರಣ ಇರಬಹುದು.)

ಇನ್ನೊಂದು ಮಾತು. ಅನುವಂಶೀಯತೆ ಜಾಸ್ತಿ ಅಂದರೆ ಬದಲಾಗದು ಅಂತ ಅಲ್ಲ. 20ನೇ ಶತಮಾನದಲ್ಲಿ ಹಲವು ದೇಶಗಳಲ್ಲಿ ಐಕ್ಯೂ (ಬುದ್ಧಿಮಟ್ಟದ) ಅಂಕ ಹತ್ತು ವರ್ಷಕ್ಕೆ ಸುಮಾರು 3ರಂತೆ ಏರುತ್ತಾ ಹೋಯಿತು. ಅಷ್ಟು ಬೇಗ ಜೀನ್‌ಗಳು ಬದಲಾಗುವುದಿಲ್ಲ. ಬದಲಾದದ್ದು ಊಟ, ಆರೋಗ್ಯ, ಶಾಲೆ, ಯೋಚಿಸುವ ಅಭ್ಯಾಸ.

ಜೀನ್ ಬದಲಾಗದಿದ್ದರೆ ಅನುಭವ ದೇಹದೊಳಗೆ ಇಳಿಯುವುದು ಹೇಗೆ?

ಜೇನುಗೂಡನ್ನು ನೋಡಿ. ರಾಣಿಜೇನಿಗೂ ಕೆಲಸಗಾರ ಜೇನಿಗೂ ಇರುವುದು ಒಂದೇ ಬಗೆಯ ಜೀನ್‌ಗಳು. ಮರಿಹುಳುವಾಗಿದ್ದಾಗ ಸಿಕ್ಕ ಆಹಾರ ಬೇರೆ, ಅಷ್ಟೇ. ಒಂದು ವರ್ಷಗಟ್ಟಲೆ ಬದುಕಿ ಮೊಟ್ಟೆಯಿಡುತ್ತದೆ, ಇನ್ನೊಂದು ಕೆಲವು ವಾರ ದುಡಿದು ಸಾಯುತ್ತದೆ. ಜೀನ್ ಅದೇ ಇದ್ದರೂ ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ನೆ ಇರಬೇಕು ಅನ್ನುವುದನ್ನು ಡಿಎನ್‌ಎ (ಜೀನ್‌ಗಳಿರುವ ಎಳೆ) ಮೇಲೆ ಅಂಟಿಕೊಳ್ಳುವ ಕೆಲವು ರಾಸಾಯನಿಕ ಗುರುತುಗಳು ನಿರ್ಧರಿಸುತ್ತವೆ. ಇದನ್ನು ಎಪಿಜೆನೆಟಿಕ್ಸ್ ಅನ್ನುತ್ತಾರೆ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿ ಮತ್ತು ಅವರ ಜೊತೆಗಾರರು ಇಲಿಗಳ ಮೇಲೆ ಕೆಲಸ ಮಾಡಿದರು. ಕೆಲವು ತಾಯಿ ಇಲಿಗಳು ಮರಿಗಳನ್ನು ತುಂಬಾ ನೆಕ್ಕಿ ನೇವರಿಸುತ್ತವೆ, ಕೆಲವು ಅಷ್ಟಾಗಿ ಮಾಡುವುದಿಲ್ಲ. ಹೆಚ್ಚು ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದಾಗ ಧೈರ್ಯವಾಗಿದ್ದವು. ಅಂಜುಬುರುಕ ತಾಯಿಗೆ ಅಂಜುಬುರುಕ ಮರಿ, ರಕ್ತದ ಗುಣ ಅಂತ ಯಾರಾದರೂ ಹೇಳಬಹುದಲ್ಲವೇ? ಅವರು ಮರಿಗಳನ್ನು ಅದಲು ಬದಲು ಮಾಡಿದರು. ಮರಿ ಹೆತ್ತ ತಾಯಿಯ ಹಾಗಾಗಲಿಲ್ಲ, ಸಾಕಿದ ತಾಯಿಯ ಹಾಗಾಯಿತು. 2004ರಲ್ಲಿ ಇದರ ಗುರುತೂ ಸಿಕ್ಕಿತು. ಒತ್ತಡದ ಹಾರ್ಮೋನನ್ನು ಹತೋಟಿಯಲ್ಲಿಡುವ ಒಂದು ಜೀನ್ ಮೇಲಿನ ರಾಸಾಯನಿಕ ಗುರುತುಗಳು ಎರಡು ಗುಂಪುಗಳಲ್ಲಿ ಬೇರೆ ಬೇರೆ ಇದ್ದವು.

ಇಲಿಯಲ್ಲಿ ಕಂಡದ್ದನ್ನು ಮನುಷ್ಯನಿಗೆ ನೇರವಾಗಿ ಅಂಟಿಸಬಾರದು. "ನಿಮ್ಮ ಅಜ್ಜನ ದುಃಖ ನಿಮ್ಮ ಡಿಎನ್‌ಎಯಲ್ಲಿದೆ" ಅಂತ ಹೇಳಿ ಕೋರ್ಸ್ ಮಾರುವವರನ್ನು ನಂಬಬೇಡಿ. ಅಷ್ಟು ದೂರ ಹೋಗಲು ಪುರಾವೆ ಇಲ್ಲ.

ಮೊದಲ ಕೆಲವು ವರ್ಷ ಹಾಳಾದರೆ ಎಲ್ಲ ಮುಗಿದ ಹಾಗಾ? "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅಂತಾರಲ್ಲ?

ಈ ಗಾದೆಯಲ್ಲಿ ನಿಜವಿದೆ, ಆದರೆ ಪೂರ್ತಿ ನಿಜವಲ್ಲ.

ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಮೊದಲ ಕೆಲವು ತಿಂಗಳು ಮುಚ್ಚಿಟ್ಟರು. ಆಮೇಲೆ ತೆರೆದರೂ ಆ ಕಣ್ಣಿಗೆ ಕಾಣಿಸಲಿಲ್ಲ. ಕಣ್ಣು ಚೆನ್ನಾಗಿಯೇ ಇತ್ತು, ಅದರ ಮಾತು ಕೇಳುವುದನ್ನು ಮಿದುಳು ಬಿಟ್ಟಿತ್ತು. ದೊಡ್ಡ ಬೆಕ್ಕಿನಲ್ಲಿ ಅಷ್ಟೇ ಕಾಲ ಮುಚ್ಚಿಟ್ಟರೂ ಹೀಗಾಗುವುದಿಲ್ಲ. ದೃಷ್ಟಿಯ ಮೇಲಿನ ಕೆಲಸಕ್ಕಾಗಿ ಇಬ್ಬರಿಗೂ 1981ರಲ್ಲಿ ನೊಬೆಲ್ ಬಂತು.

ಭಾಷೆಯ ಉದಾಹರಣೆ ನನಗೆ ಇನ್ನೂ ಇಷ್ಟ. ನಮಗೆ ತ ಮತ್ತು ಟ ಬೇರೆ ಅನ್ನುವುದರಲ್ಲಿ ಅನುಮಾನವೇ ಇಲ್ಲ. ಇಂಗ್ಲಿಷ್ ಮಾತ್ರ ಬಲ್ಲ ದೊಡ್ಡವರಿಗೆ ಆ ವ್ಯತ್ಯಾಸ ಕೇಳಿಸುವುದೇ ಕಷ್ಟ. ಜಾನೆಟ್ ವರ್ಕರ್ 1984ರಲ್ಲಿ ಹಿಂದಿಯ ಇವೇ ಎರಡು ಸದ್ದುಗಳನ್ನು ಇಂಗ್ಲಿಷ್ ಮನೆಯ ಕೂಸುಗಳಿಗೆ ಕೇಳಿಸಿದರು. 6ರಿಂದ 8 ತಿಂಗಳ ಕೂಸುಗಳು ವ್ಯತ್ಯಾಸ ಗುರುತಿಸಿದವು. 10ರಿಂದ 12 ತಿಂಗಳಿಗೆ ಬರುವಷ್ಟರಲ್ಲಿ ಹೆಚ್ಚಿನವಕ್ಕೆ ಆಗಲಿಲ್ಲ. ಅಂದರೆ ಎಲ್ಲ ಸದ್ದುಗಳಿಗೂ ತೆರೆದ ಕಿವಿ ಹುಟ್ಟಿನಿಂದ ಬರುತ್ತದೆ. ಯಾವುದನ್ನು ಉಳಿಸಿಕೊಳ್ಳಬೇಕು ಅನ್ನುವುದನ್ನು ಸುತ್ತಲಿನ ಮಾತು ಹೇಳಿಕೊಡುತ್ತದೆ.

ಮನಸ್ಸಿನ ವಿಷಯದಲ್ಲಿ ಕಣ್ಣಲ್ಲಿ ನೀರು ತರಿಸುವ ಸಾಕ್ಷಿ ರೊಮೇನಿಯಾದ ಅನಾಥಾಲಯಗಳದ್ದು. ಅಲ್ಲಿ ಮಕ್ಕಳಿಗೆ ಊಟ ಸಿಗುತ್ತಿತ್ತು, ಎತ್ತಿಕೊಳ್ಳುವ ಕೈ ಇರಲಿಲ್ಲ. 2000ದ ಸುಮಾರಿಗೆ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಬುಕಾರೆಸ್ಟ್‌ನಲ್ಲಿ 136 ಮಕ್ಕಳ ಅಧ್ಯಯನ ಶುರು ಮಾಡಿದರು. ಅರ್ಧ ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಲಾಯಿತು. ಅವರ ಬುದ್ಧಿ, ಮಾತು, ಅಂಟಿಕೊಂಡು ಪ್ರೀತಿಸುವ ಶಕ್ತಿ ಎಲ್ಲವೂ ಸುಧಾರಿಸಿದವು. ಸುಮಾರು ಎರಡು ವರ್ಷದೊಳಗೆ ಮನೆ ಸಿಕ್ಕ ಮಕ್ಕಳು ಹೆಚ್ಚಿನ ವಿಷಯಗಳಲ್ಲಿ ಜಾಸ್ತಿ ಚೇತರಿಸಿಕೊಂಡರು.

ಹಾಗಂತ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಹುಟ್ಟಿನಿಂದ ಪೊರೆ ಬಂದು ಕುರುಡಾಗಿದ್ದ ಮಕ್ಕಳಿಗೆ ಎಂಟು, ಹತ್ತು ವರ್ಷ ದಾಟಿದ ಮೇಲೆ ಶಸ್ತ್ರಚಿಕಿತ್ಸೆ ಆದದ್ದನ್ನು ಪವನ್ ಸಿನ್ಹಾ ಭಾರತದಲ್ಲಿ ಹಿಂಬಾಲಿಸಿ ನೋಡಿದ್ದಾರೆ. ದೃಷ್ಟಿ ಅಷ್ಟು ಚುರುಕಾಗಲಿಲ್ಲ, ಆದರೂ ಮುಖ, ವಸ್ತು ಗುರುತಿಸಲು ಬಹಳ ಮಕ್ಕಳು ಕಲಿತರು. ಲಂಡನ್‌ನಲ್ಲಿ ಟ್ಯಾಕ್ಸಿ ಪರವಾನಗಿಗೆ ಸುಮಾರು 25,000 ಬೀದಿ ನೆನಪಿಟ್ಟುಕೊಳ್ಳಬೇಕು. ಎಲಿನಾರ್ ಮಗ್ವೈರ್ ಅವರ 2011ರ ಅಧ್ಯಯನದಲ್ಲಿ, ಕಲಿತು ಪಾಸಾದವರ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಬೆಳೆದಿತ್ತು. ಪಾಸಾಗದವರಲ್ಲಿ ಆ ಬದಲಾವಣೆ ಇರಲಿಲ್ಲ. ಅವರೆಲ್ಲ ಮಕ್ಕಳಲ್ಲ, ದೊಡ್ಡವರು.

ಒಂದೇ ಮನೆಯಲ್ಲಿ ಬೆಳೆದ ಅಣ್ಣತಮ್ಮಂದಿರು ಇಷ್ಟೊಂದು ಬೇರೆ ಯಾಕೆ?

ಮನೆ ಒಂದೇ ಅಂತ ನಾವು ಅಂದುಕೊಂಡಿರುತ್ತೇವೆ. ಮೊದಲ ಮಗು ಹುಟ್ಟಿದಾಗ ಅಪ್ಪ ಅಮ್ಮನಿಗೆ ಅನುಭವವಿಲ್ಲ. ಎರಡನೆಯದು ಹುಟ್ಟಿದಾಗ ಕೈಯಲ್ಲಿ ಹಣವಿಲ್ಲದೆ ಇರಬಹುದು, ಅಥವಾ ಮನೆಯಲ್ಲಿ ಜಗಳ ನಿಂತಿರಬಹುದು. ಗೆಳೆಯರು ಬೇರೆ, ಟೀಚರ್ ಬೇರೆ.

ಜೊತೆಗೆ ಮಗು ತನ್ನ ಪರಿಸರವನ್ನು ತಾನೇ ಮಾಡಿಕೊಳ್ಳುತ್ತದೆ. ನಗುವ ಕೂಸನ್ನು ಎಲ್ಲರೂ ಎತ್ತಿಕೊಳ್ಳುತ್ತಾರೆ. ಅಳುವ ಕೂಸಿನ ಅಮ್ಮ ನಿದ್ದೆಗೆಟ್ಟು ಸಿಡುಕುತ್ತಾಳೆ. ಓದು ಇಷ್ಟವಿರುವ ಹುಡುಗಿ ಪುಸ್ತಕ ಹುಡುಕುತ್ತಾಳೆ, ಇನ್ನಷ್ಟು ಓದುತ್ತಾಳೆ. ಹೀಗೆ ಹುಟ್ಟಿನಿಂದ ಬಂದ ಸಣ್ಣ ವ್ಯತ್ಯಾಸವೊಂದು ಸುತ್ತಿ ಸುತ್ತಿ ದೊಡ್ಡದಾಗುತ್ತದೆ.

ವಯಸ್ಸಾದಂತೆ ಜೀನ್‌ಗಳ ಪ್ರಭಾವ ಕಡಿಮೆ ಆಗಬೇಕಲ್ಲವೇ?

ಬುದ್ಧಿಮಟ್ಟದಲ್ಲಿ ಉಲ್ಟಾ. ಎಳೆ ಮಕ್ಕಳಲ್ಲಿ ಅನುವಂಶೀಯತೆ ಶೇ. 20ರ ಸುಮಾರು, ದೊಡ್ಡವರಲ್ಲಿ ಶೇ. 60ರ ಆಸುಪಾಸು. ಚಿಕ್ಕವರ ದಿನಚರಿಯನ್ನು ಮನೆಯವರು ಆರಿಸುತ್ತಾರೆ, ದೊಡ್ಡವರಾದಂತೆ ನಮ್ಮದನ್ನು ನಾವೇ ಆರಿಸುತ್ತೇವೆ. ಕಾರಣಗಳಲ್ಲಿ ಇದೂ ಒಂದು.

ನನ್ನ ಅಣ್ಣನಿಗೆ ಸ್ಕಿಜೋಫ್ರೇನಿಯಾ ಇದೆ. ನನಗೂ ಬರುತ್ತದಾ?

ಬರಲೇಬೇಕು ಅಂತ ಇಲ್ಲ. ಒಟ್ಟು ಜನರಲ್ಲಿ ಜೀವಮಾನದಲ್ಲಿ ಹೆಚ್ಚುಕಡಿಮೆ 100ಕ್ಕೆ ಒಬ್ಬರಿಗೆ ಇದು ಬರುತ್ತದೆ. ಒಡಹುಟ್ಟಿದವರಲ್ಲಿ ಒಬ್ಬರಿಗೆ ಇದ್ದರೆ ಆ ಸಾಧ್ಯತೆ 100ಕ್ಕೆ ಹತ್ತರ ಹತ್ತಿರ ಹೋಗುತ್ತದೆ. ಅಂದರೆ ಹೆಚ್ಚಿನವರಿಗೆ ಬರುವುದಿಲ್ಲ. ಒಂದೇ ಮೊಟ್ಟೆಯ ಅವಳಿಗಳಲ್ಲೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಅರ್ಧಕ್ಕಿಂತ ಕಡಿಮೆ.

ನಿಮ್ಮ ಕೈಯಲ್ಲಿರುವುದೂ ಇದೆ. ಗಾಂಜಾದಿಂದ ದೂರ ಇರಿ, ಅದರಲ್ಲೂ ಹದಿಹರೆಯದಲ್ಲಿ. ಕುಟುಂಬದಲ್ಲಿ ಈ ಕಾಯಿಲೆ ಇರುವವರಿಗೆ ಅದು ನಿಜವಾಗಿಯೂ ಅಪಾಯ. ಇಲ್ಲದ ದನಿ ಕೇಳಿಸುವುದು, ವಿನಾಕಾರಣ ಎಲ್ಲರ ಮೇಲೆ ಅನುಮಾನ, ಜನರಿಂದ ದೂರ ಸರಿಯುವುದು, ಇಂಥದ್ದು ಶುರುವಾದರೆ ತಡ ಮಾಡದೆ ಮನೋವೈದ್ಯರನ್ನು ನೋಡಿ. ಬೇಗ ಚಿಕಿತ್ಸೆ ಸಿಕ್ಕಷ್ಟೂ ಒಳ್ಳೆಯದು.

ಮಗುವಿಗೆ ಆಟಿಸಂ ಬಂದದ್ದು ನಾನು ಸರಿಯಾಗಿ ನೋಡಿಕೊಳ್ಳದೆ ಇದ್ದದ್ದಕ್ಕಾ?

ಅಲ್ಲ. ದಯವಿಟ್ಟು ಈ ಹೊರೆಯನ್ನು ಇಳಿಸಿಬಿಡಿ.

ಇದನ್ನು ನಿಮ್ಮ ತಲೆಗೆ ಹಾಕಿದ್ದು ಒಂದು ತಪ್ಪು ಸಿದ್ಧಾಂತ. 1940ರಿಂದ 60ರ ದಶಕದವರೆಗೆ, ಪ್ರೀತಿ ತೋರದ ತಣ್ಣನೆಯ ತಾಯಂದಿರಿಂದ ಆಟಿಸಂ ಬರುತ್ತದೆ ಅಂತ ದೊಡ್ಡ ದೊಡ್ಡವರೇ ಹೇಳಿದರು. "ಫ್ರಿಜ್ ತಾಯಂದಿರು" ಅಂತ ಹೆಸರಿಟ್ಟರು. ಎಷ್ಟು ತಾಯಂದಿರು ಮಗುವಿನ ಕಷ್ಟದ ಮೇಲೆ ಈ ಅವಮಾನವನ್ನೂ ಹೊತ್ತರು! 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಇದನ್ನು ಬಲವಾಗಿ ಪ್ರಶ್ನಿಸಿದರು. ಅವರು ಮನಶ್ಶಾಸ್ತ್ರಜ್ಞ, ಆಟಿಸಂ ಇದ್ದ ಮಗನ ತಂದೆ ಕೂಡ. 1977ರಲ್ಲಿ ಬ್ರಿಟನ್ನಿನ ಅವಳಿಗಳ ಅಧ್ಯಯನ ಅನುವಂಶೀಯತೆಯ ಪಾತ್ರವನ್ನು ತೋರಿಸಿತು. ನಿಮ್ಮ ಪ್ರೀತಿ ಕಡಿಮೆಯಾಗಿ ಇದು ಬಂದಿಲ್ಲ. ಆದರೆ ಮಗು ಮುಂದೆ ಹೇಗೆ ಮಾತು ಕಲಿಯುತ್ತದೆ, ಎಷ್ಟು ನೆಮ್ಮದಿಯಾಗಿರುತ್ತದೆ ಅನ್ನುವುದರಲ್ಲಿ ನಿಮ್ಮ ಜೊತೆ, ತರಬೇತಿ, ಶಾಲೆ ಎಲ್ಲಕ್ಕೂ ಪಾತ್ರವಿದೆ.

ಸಮಸ್ಯೆ ಮಿದುಳಿನಲ್ಲಿದೆ ಅಂದಮೇಲೆ ಮಾತ್ರೆ ತಾನೇ ಬೇಕು? ಮಾತಾಡಿದರೆ ಏನು ಪ್ರಯೋಜನ?

ಮಾತೂ ಮಿದುಳನ್ನೇ ಮುಟ್ಟುತ್ತದೆ. 1992ರಲ್ಲಿ ಲೂಯಿಸ್ ಬ್ಯಾಕ್ಸ್ಟರ್ ಮತ್ತು ಜೊತೆಗಾರರು ಒಸಿಡಿ ಇರುವವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಕೈ ತೊಳೆದದ್ದೇ ತೊಳೆಯುವುದು, ಬೀಗ ನೋಡಿದ್ದೇ ನೋಡುವುದು, ಇಂಥ ಕಾಯಿಲೆ ಅದು. ಕೆಲವರಿಗೆ ಮಾತ್ರೆ ಕೊಟ್ಟರು, ಕೆಲವರಿಗೆ ಮಾತ್ರೆಯಿಲ್ಲದೆ ವರ್ತನೆ ಚಿಕಿತ್ಸೆ. ಗುಣ ಕಂಡವರಲ್ಲಿ, ಎರಡೂ ಗುಂಪಿನಲ್ಲಿ, ಮಿದುಳಿನ ಒಂದೇ ಭಾಗದ ಅತಿ ಚಟುವಟಿಕೆ ತಗ್ಗಿತ್ತು. ಹಾಗಂತ ಮಾತ್ರೆ ನಿಲ್ಲಿಸಿಬಿಡಬೇಡಿ. ಯಾರಿಗೆ ಯಾವುದು, ಅಥವಾ ಎರಡೂ, ಅನ್ನುವುದನ್ನು ವೈದ್ಯರ ಜೊತೆ ಕೂತು ತೀರ್ಮಾನಿಸಿ.

ಜೀನ್ ಪರೀಕ್ಷೆ ಮಾಡಿಸಿದರೆ ಮಗುವಿನ ಪ್ರತಿಭೆ ಗೊತ್ತಾಗುತ್ತದಾ?

ಇಲ್ಲ. ನಿರ್ದಿಷ್ಟ ಕಾಯಿಲೆಗೆ ವೈದ್ಯರು ಹೇಳುವ ಪರೀಕ್ಷೆ ಬೇರೆ. ಪ್ರತಿಭೆಗಾಗಿ ದುಡ್ಡು ಸುರಿಯಬೇಡಿ, ಮಗುವಿನ ಜೊತೆ ಆಡಿ ನೋಡಿ, ಗೊತ್ತಾಗುತ್ತದೆ.

ಜೀನ್ ಬಗ್ಗೆ ಮಾತಾಡಿದರೆ ಕೆಲವರು ಯಾಕೆ ಹೆದರುತ್ತಾರೆ?

ಹೆದರಲು ಕಾರಣವಿದೆ. 1883ರಲ್ಲಿ ಫ್ರಾನ್ಸಿಸ್ ಗಾಲ್ಟನ್ "ಯುಜೆನಿಕ್ಸ್" ಎಂಬ ಪದ ಹುಟ್ಟುಹಾಕಿದರು, ಒಳ್ಳೆಯ ತಳಿಯ ಮನುಷ್ಯರನ್ನು ಹೆಚ್ಚಿಸಬೇಕು ಅಂತ. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ "ಬುದ್ಧಿಮಾಂದ್ಯ" ಅಂತ ಹಣೆಪಟ್ಟಿ ಹಚ್ಚಿದವರಿಗೆ ಬಲವಂತವಾಗಿ ಸಂತಾನಹರಣ ಮಾಡುವುದನ್ನು ಒಪ್ಪಿತು. ಅಲ್ಲಿ 60,000ಕ್ಕೂ ಹೆಚ್ಚು ಜನ ಇದಕ್ಕೆ ಬಲಿಯಾದರು. ನಾಜಿ ಜರ್ಮನಿ 1933ರಲ್ಲಿ ಇಂಥದೇ ಕಾನೂನು ತಂದು ಸುಮಾರು 4 ಲಕ್ಷ ಜನರಿಗೆ ಹೀಗೆ ಮಾಡಿತು, ಆಮೇಲೆ ಕೊಲೆಗೂ ಇಳಿಯಿತು. ಎಲ್ಲವೂ ರಕ್ತದಲ್ಲೇ ಇದೆ ಅಂದವರು ಜನರನ್ನು ಕತ್ತರಿಸಿದರು. ಎಲ್ಲವೂ ಬೆಳೆಸುವುದರಲ್ಲೇ ಇದೆ ಅಂದವರು ತಾಯಂದಿರನ್ನು ಕಟಕಟೆಯಲ್ಲಿ ನಿಲ್ಲಿಸಿದರು.

ನನ್ನ ಮಗು ತುಂಬಾ ನಾಚಿಕೆ, ಹೊಸಬರನ್ನು ಕಂಡರೆ ಹೆದರುತ್ತದೆ. ಬದಲಾಯಿಸಬಹುದಾ?

ಹಾರ್ವರ್ಡ್‌ನ ಜೆರೋಮ್ ಕೇಗನ್ ನಾಲ್ಕು ತಿಂಗಳ ಕೂಸುಗಳಿಗೆ ಹೊಸ ಆಟಿಕೆ, ಹೊಸ ದನಿ, ಹೊಸ ವಾಸನೆ ತೋರಿಸಿ ನೋಡಿದರು. ಸುಮಾರು ಶೇ. 20 ಕೂಸುಗಳು ಕೈಕಾಲು ಬಡಿದು ಅತ್ತವು. ಇವುಗಳಲ್ಲಿ ಬಹಳಷ್ಟು ಮುಂದೆ ನಾಚಿಕೆಯ ಮಕ್ಕಳಾದವು. ಆದರೆ ಎಲ್ಲವೂ ಆಗಲಿಲ್ಲ. ಅತಿಯಾಗಿ ಕಾಪಾಡದೆ, ಮೆಲ್ಲಗೆ ಮುಂದೆ ಹೋಗಲು ಬಿಟ್ಟ ಮನೆಗಳ ಮಕ್ಕಳಲ್ಲಿ ಭಯ ಕಡಿಮೆಯಾಯಿತು.

ಹಾಗಾಗಿ "ಯಾಕೆ ಹೀಗೆ ಮೂಲೆ ಸೇರ್ತೀಯಾ" ಅಂತ ಎಲ್ಲರ ಮುಂದೆ ಬೈಯಬೇಡಿ. ಎತ್ತಿಕೊಂಡು ವಾಪಸ್ ಕೂಡ ಹೋಗಬೇಡಿ. ಜನ ಸೇರುವ ಜಾಗಕ್ಕೆ ಸ್ವಲ್ಪ ಮೊದಲೇ ಹೋಗಿ, ಮಗು ಜಾಗ ನೋಡಿಕೊಳ್ಳಲಿ. ಕೈ ಹಿಡಿದುಕೊಂಡು ನಿಲ್ಲಿ. ಅದು ಕೈ ಬಿಡುವವರೆಗೆ ಕಾಯಿರಿ. ಮೊದಲ ಸಲ ಬಿಡದೆ ಇರಬಹುದು, ಮುಂದಿನ ಸಲ ಮತ್ತೆ ಹೋಗಿ.